ಡೊಳ್ಳುಹೊಟ್ಟೆಯ ಪೆನ್ನು

ನಾನು ಒಂದು ಪೆನ್ನು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿರುವ, ಒಂದನ್ನು ಕಂಡರೆ ಎಲ್ಲವನ್ನೂ ಕಂಡಂತಾಗುವ ಪೆನ್ನುಗಳ ಜಾತಿಯಲ್ಲ ನನ್ನದು. ನನ್ನಂಥ ಇನ್ನೊಂದು ಪೆನ್ನು ಈ ಲೋಕದಲ್ಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ತಟ್ಟಿಕೊಳ್ಳಲು ನನಗೆ ಕೈಯಿಲ್ಲ, ನಿಜ. ಆದರೆ ತಟ್ಟಿಸಿಕೊಳ್ಳಲು ಒಂದು ಕಾಲದಲ್ಲಿ ಹೊಟ್ಟೆಯಂತೂ ಚೆನ್ನಾಗಿಯೇ ಇತ್ತು.

ನಾನು ಹುಟ್ಟಿದ್ದು ಕಲಘಟಗಿಯಲ್ಲಿ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು ಅದು. ಅಲ್ಲಿನ ಮೌನೇಶಪ್ಪ ಬಡಿಗೇರರ ಮನೆಯಲ್ಲಿ ಒಂದು ತೊಟ್ಟಿಲಿನ ಕಾಲು ಕಡೆದು ಮಿಕ್ಕ ಸಾಗವಾನಿಯ ತುಂಡು ನಾನು. ಗಾತ್ರದಲ್ಲಿ ಬೆರಳುದ್ದ, ನಾಲ್ಕು ಮೂಲೆ, ಮೈತುಂಬ ಧೂಳು. ನನ್ನ ಜೊತೆಯ ತುಂಡುಗಳೆಲ್ಲ ದಿನವೂ ಸ್ನಾನದ ನೀರಿನ ಒಲೆಗೆ ಹೋಗುತ್ತಿದ್ದವು. ನಾನು ಉಳಿದದ್ದು ಮೌನೇಶಪ್ಪನವರ ಮಗಳು ಇಂದುಮತಿಯಿಂದ.

ಇಂದುಮತಿಗೆ ಆಗ ಮೂವತ್ತರ ಆಸುಪಾಸು. ತೊಟ್ಟಿಲಿನ ಹಲಗೆಗಳ ಮೇಲೆ ಹೂವು, ಗಿಳಿ ಬರೆಯುವುದು ಅವಳ ಪಾಲಿನ ಕೆಲಸ. ಮರವನ್ನು ತಿರುಗಿಸಿ ಕಡೆಯುವ ಲೇತ್ ಅಪ್ಪನದು. ಅಪ್ಪ ಊಟಕ್ಕೆ ಎದ್ದಾಗ, ಸಂತೆಗೆ ಹೋದಾಗ ಅವಳು ಅದರ ಮುಂದೆ ನಿಂತು ನಿಂತು ಉಳಿ ಹಿಡಿಯುವುದನ್ನು ಕಲಿತಿದ್ದಳು. ಒಂದು ದಿನ ಅವಳ ಹೆಸರಿಗೆ ಕೊರಿಯರಿನಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಚೀಲಗಳು. ಒಂದೊಂದು ಚೀಲದಲ್ಲೂ ಒಂದು ಪೆನ್ನಿಗೆ ಬೇಕಾದ ಸಾಮಾನು: ತೆಳ್ಳನೆಯ ಹಿತ್ತಾಳೆ ಕೊಳವೆ, ಹೊಳೆಯುವ ಮೂತಿ, ಕ್ಲಿಪ್ಪು, ತಿರುವಿದರೆ ರೀಫಿಲ್ ಹೊರಗೆ ಬರುವ ಯಂತ್ರ, ರೀಫಿಲ್ಲು. ಮರ ಮಾತ್ರ ನಾವೇ ಹಾಕಬೇಕು, ಕಡೆಯಬೇಕು, ಜೋಡಿಸಬೇಕು. ಇದಕ್ಕೆ ಪೆನ್ ಕಿಟ್ ಎನ್ನುತ್ತಾರಂತೆ.

ಮೌನೇಶಪ್ಪ ಆ ಚೀಲವೊಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ತೊಟ್ಲಾ ಮಾಡೋ ಮನ್ಯಾಗ ಕಡ್ಡಿ ಮಾಡ್ತೀ ಏನವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಕೆಲಸಕ್ಕೆ ತಿರುಗಿದರು. ಬೈಗುಳವೇನಲ್ಲ ಅದು. ಆದರೆ ಇಂದುಮತಿಗೆ ಬೈದಿದ್ದಕ್ಕಿಂತ ಹೆಚ್ಚು ನಾಟಿತು. ಆದರೂ ಅವಳು ಒಂದು ಸಪೂರ ಪೆನ್ನು ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಪ್ಪ ಅದನ್ನು ನೋಡಿದರು, ಮುಟ್ಟಲಿಲ್ಲ.

ಆ ಸಪೂರ ಪೆನ್ನನ್ನು ಮೊದಲು ಕೈಗೆತ್ತಿಕೊಂಡವರು ತಾರಾಬಾಯಿ ಗುಳೇದಗುಡ್ಡ.

ಆ ತಿಂಗಳು ಕಲಘಟಗಿಯ ಮಾರುಕಟ್ಟೆ ಬಯಲಲ್ಲಿ ಹೊಳೆಬಸವೇಶ್ವರ ನಾಟ್ಯ ಸಂಘದ ಕ್ಯಾಂಪು ಬಿದ್ದಿತ್ತು. ತಾರಾಬಾಯಿ ಆ ಕಂಪನಿಯಲ್ಲಿ ಹರೆಯದಿಂದ ಇದ್ದವರು. ಮೊದಲು ನಾಯಕಿಯ ಪಾತ್ರ, ಆಮೇಲೆ ಖಳನಾಯಕಿ, ಆಮೇಲೆ ಕಂಪನಿಗೆ ನಾಟಕ ಬರೆದುಕೊಡುವ ಕೆಲಸ. ಸಂಧಿವಾತ ಅವರ ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿತು. ಮೊದಲು ಅವರು ರಂಗ ಬಿಟ್ಟರು, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಾತ್ರ ಮಾಡಲು ಆಗದು ಎಂದು. ಆಮೇಲೆ ಬರವಣಿಗೆಯೂ ಕೈತಪ್ಪಿತು. ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿ ನೋಡಿದರು. ಅವರು ಹೇಳಿದ ಬಿಸಿ ಬಿಸಿ ಮಾತು ಹಾಳೆಗೆ ಇಳಿಯುವ ಹೊತ್ತಿಗೆ ತಂಗಳಾಗಿರುತ್ತಿತ್ತು. ತಾರಾಬಾಯಿಯ ಕೈ ಬಿತ್ತು ಎಂದು ಕಂಪನಿಯಲ್ಲಿ ಮಾತು ಹರಡಿತ್ತು. ಮಾಲೀಕ ಪಂಪಣ್ಣ ಒಳ್ಳೆಯವನೇ. ಈ ಕ್ಯಾಂಪು ಮುಗಿದ ಮೇಲೆ ಊರಿಗೆ ಹೋಗಿ ಆರಾಮಾಗಿರಿ ಎಂದು ಮೆಲ್ಲಗೆ ಹೇಳಿಯೂ ಇದ್ದ.

ಅವರು ಅಂದು ಬಂದದ್ದು ನಾಟಕದ ಸಿಂಹಾಸನದ ಮುರಿದ ಕಾಲನ್ನು ಕಡೆಸಿಕೊಂಡು ಹೋಗಲು. ಮೌನೇಶಪ್ಪ ಕಾಲನ್ನು ಅಳೆಯುತ್ತಿದ್ದಾಗ ಅವರ ಕಣ್ಣು ಕಿಟಕಿಯ ಪೆನ್ನಿನ ಮೇಲೆ ಬಿತ್ತು. ಎತ್ತಿಕೊಂಡರು. ಜಾರಿತು. ಮತ್ತೆ ಎತ್ತಿಕೊಂಡರು, ಮತ್ತೆ ಜಾರಿ ನನ್ನ ಪಕ್ಕದಲ್ಲೇ ಮರದ ಹೊಟ್ಟಿನಲ್ಲಿ ಬಿತ್ತು. ಕೆಳಗಿನಿಂದ ನಾನು ಆ ಮುಖವನ್ನು ನೋಡಿದೆ. ನಾಟಕದವರ ಮುಖ, ಎಲ್ಲವನ್ನೂ ಮುಚ್ಚಿಡಲು ಬಲ್ಲ ಮುಖ. ಆ ಗಳಿಗೆ ಏನನ್ನೂ ಮುಚ್ಚಿಡಲಿಲ್ಲ.

"ನನ್ನ ಕೈಗೆ ಹೊಂದೂದು ಒಂದು ಮಾಡಿಕೊಡ್ತೀ ಏನ ತಂಗಿ?" ಎಂದು ಕೇಳಿದರು.

ಇಂದುಮತಿ ಅಡಿಗೆಮನೆಗೆ ಓಡಿದಳು. ಚಪಾತಿಗೆ ನಾದಿಟ್ಟ ಕಣಕದಿಂದ ಒಂದು ಉಂಡೆ ಕಿತ್ತು, ಉದ್ದಕ್ಕೆ ಹೊಸೆದು ತಂದಳು. "ಇದನ್ನ ಪೆನ್ನು ಹಿಡಿದಂಗ ಹಿಡೀರಿ ಬಾಯಾರ. ಗಟ್ಟಿ ಹಿಡೀರಿ," ಎಂದಳು. ತಾರಾಬಾಯಿ ಹಿಡಿದರು. ಬಾಗಿದ ಬೆರಳುಗಳ ನಡುವೆ ಹಿಟ್ಟು ತಾನೇ ತನಗೆ ಜಾಗ ಮಾಡಿಕೊಂಡಿತು. ಕೈ ಬಿಡಿಸಿದಾಗ ಕಂಡದ್ದು ಸಪೂರ ಕಡ್ಡಿಯಲ್ಲ, ನಡುವೆ ಉಬ್ಬಿದ, ಎರಡೂ ತುದಿಯಲ್ಲಿ ಸಣ್ಣಗಾದ ಒಂದು ಆಕಾರ. ಹೆಬ್ಬೆರಳಿಗೆ ಒಂದು ಕಡೆ ತಗ್ಗು.

ಇಂದುಮತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಕಣ್ಣು ಅರಳಿದ್ದನ್ನು ನಾನು ಕಂಡೆ. ಆಮೇಲೆ ಅವಳು ಬಗ್ಗಿ ಹೊಟ್ಟಿನೊಳಗಿಂದ ತುಂಡುಗಳನ್ನು ಆರಿಸತೊಡಗಿದಳು.

ನನಗಿಂತ ಮೊದಲು ಆರಿಸಿಕೊಂಡ ತುಂಡು ತೂತು ಕೊರೆಯುವಾಗಲೇ ಸೀಳಿತು. ಇನ್ನೊಂದಕ್ಕೆ ಕೊಳವೆ ಅಂಟಿಸಿ ಲೇತಿಗೆ ಏರಿಸಿದಳು. ತುದಿಯ ಹತ್ತಿರ ಉಳಿ ಕಚ್ಚಿ ಅದು ಚೂರು ಚೂರಾಗಿ ಗೋಡೆಗೆ ಸಿಡಿಯಿತು. ನನ್ನ ಸರದಿ ಬಂದಾಗ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು.

ಮೊದಲು ನನ್ನ ನಡುವೆ ತೂತು ಕೊರೆದಳು. ಬಿಸಿಬಿಸಿ ಹೊಗೆ ಬಂತು. ಹಿತ್ತಾಳೆ ಕೊಳವೆಯನ್ನು ಮರಳು ಕಾಗದದಿಂದ ಉಜ್ಜಿ, ಅಂಟು ಬಳಿದು, ತಿರುವುತ್ತಾ ಒಳಗೆ ತೂರಿಸಿದಳು. ಅಂಟು ಆರಿದ ಮೇಲೆ ಆ ಕೊಳವೆಯ ಮೂಲಕ ಉಕ್ಕಿನ ಕಡ್ಡಿ ಹೋಯಿತು. ಎರಡೂ ಬದಿಗೆ ಅಳತೆ ತೋರಿಸುವ ಬುಷ್ ಎಂಬ ಲೋಹದ ಬಳೆಗಳು ಬಂದು ಕೂತವು. ಲೇತ್ ತಿರುಗಿತು.

ಆ ತಿರುಗುವಿಕೆಯನ್ನು ಹೇಗೆ ಹೇಳಲಿ? ಮರವಾಗಿದ್ದಾಗ ನಾನು ಗಾಳಿಗೆ ತೂಗಿದ್ದುಂಟು, ಇದು ಅದಲ್ಲ. ಕಿಟಕಿ, ಬಾಗಿಲು, ಇಂದುಮತಿಯ ಮುಖ ಎಲ್ಲ ಒಂದೇ ಉಂಗುರವಾಯಿತು. ಉಳಿಯ ಬಾಯಿ ತಾಗಿದಾಗ ಟಕ ಟಕ ಟಕ ಎಂದು ನನ್ನ ಮೂಲೆಗಳು ಹಾರಿದವು. ಸ್ವಲ್ಪ ಹೊತ್ತಿಗೆ ಆ ಟಕಟಕ ನಿಂತು ಸುಂಯ್ ಎಂಬ ಒಂದೇ ನಾದ ಉಳಿಯಿತು. ಆಗ ಗೊತ್ತಾಯಿತು, ನಾನು ದುಂಡಗಾದೆ ಎಂದು. ಇಂದುಮತಿ ಲೇತ್ ನಿಲ್ಲಿಸುವಳು, ಕಣಕದ ಅಚ್ಚಿಗೆ ನನ್ನನ್ನು ಹೋಲಿಸಿ ನೋಡುವಳು, ಮತ್ತೆ ತಿರುಗಿಸುವಳು. ಎರಡು ತುದಿಗಳನ್ನು ಬುಷ್ಷಿನ ಅಳತೆಗೆ ಇಳಿಸಿದಳು. ನಡುವನ್ನು ಹಾಗೇ ಬಿಟ್ಟಳು. ಹೀಗೆ ನನಗೆ ಡೊಳ್ಳುಹೊಟ್ಟೆ ಬಂತು. ತಿರುಗುತ್ತಿದ್ದ ಹಾಗೆಯೇ ತೊಟ್ಟಿಲಿಗೆ ಬಳಿಯುವ ಕೆಂಪು ಅರಗಿನ ಕಡ್ಡಿಯನ್ನು ಮೈಗೊತ್ತಿದಳು. ಬಿಸಿಗೆ ಅರಗು ಕರಗಿ ನನ್ನ ಮೇಲೆ ಹರಡಿತು. ಹೊಟ್ಟೆಗೆ ಒಂದು ಹಳದಿ ಪಟ್ಟಿ. ಹೆಬ್ಬೆರಳಿನ ತಗ್ಗನ್ನು ಲೇತ್ ನಿಲ್ಲಿಸಿ, ಅರದಿಂದ ಉಜ್ಜಿ ಉಜ್ಜಿ ಕೈಯಲ್ಲೇ ಮಾಡಿದಳು.

ಆಮೇಲೆ ಜೋಡಣೆ. ವೈಸ್ ಎಂಬ ಬಿಗಿಹಿಡಿಕೆಯ ಎರಡು ಹಲ್ಲುಗಳ ನಡುವೆ ನನ್ನನ್ನಿಟ್ಟು ಮೆಲ್ಲಗೆ ಒತ್ತಿದಳು. ಮೂತಿ ಕೂತಿತು. ಯಂತ್ರ ಕೂತಿತು. ಅದನ್ನು ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ರೀಫಿಲ್ ಒಳಗೆ ಹೋಗದೆ ಹೊರಗೇ ನಿಲ್ಲುತ್ತದಂತೆ. ಆ ಹೊತ್ತಿಗೆ ಅವಳು ಉಸಿರನ್ನೇ ಹಿಡಿದಿದ್ದಳು. ಕೈಯೊತ್ತದೆಯೇ ಹರಿಯಲಿ ಎಂದು ಜೆಲ್ ರೀಫಿಲ್ ಹಾಕಿದಳು. ಕ್ಲಿಪ್ಪು, ಟೊಪ್ಪಿಗೆ. ತಿರುವಿದಳು. ನನ್ನ ನಾಲಗೆ ಹೊರಗೆ ಬಂತು.

ತಾರಾಬಾಯಿ ನನ್ನನ್ನು ಹಿಡಿದಾಗ ನಾನು ಜಾರಲಿಲ್ಲ. ಅವರ ಬಾಗಿದ ಬೆರಳುಗಳು ನನ್ನ ಹೊಟ್ಟೆಯ ಸುತ್ತ ಹೋಗಿ, ಹೆಬ್ಬೆರಳು ತಗ್ಗಿನಲ್ಲಿ ಕೂತಿತು. ಹಳೆಯ ಪತ್ರಿಕೆಯ ಅಂಚಿನಲ್ಲಿ ಒಂದು ಅಕ್ಷರ ಬರೆದರು, ಇನ್ನೊಂದು ಬರೆದರು. ಆಮೇಲೆ ಪತ್ರಿಕೆಯ ಅಂಚು ಸಾಲದಾಯಿತು. ಅಲ್ಲೇ ಬಿದ್ದಿದ್ದ ಹಲಗೆಯ ಮೇಲೆ, ಅರಗಿನ ಡಬ್ಬಿಯ ರಟ್ಟಿನ ಮೇಲೆ, ಸಿಂಹಾಸನದ ಹೊಸ ಕಾಲಿನ ಮೇಲೂ ಬರೆದರು. ಬರೆಯುತ್ತ ನಕ್ಕರು, ನಗುತ್ತ ಬರೆದರು. ಮೌನೇಶಪ್ಪ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಆಮೇಲೆ ಎದ್ದು ಚಹಾ ಕುಡಿಯಲು ಹೋದರು.

ಅಂದಿನಿಂದ ನನಗೆ ಬಿಡುವಿಲ್ಲ. ಡೇರೆಯ ಹಿಂದಿನ ಬಿಡಾರದಲ್ಲಿ, ಟ್ರಂಕಿನ ಮೇಲೆ ಹಾಳೆ ಹರಡಿಕೊಂಡು ತಾರಾಬಾಯಿ ಹೊಸ ನಾಟಕ ಬರೆದರು. ಹೆಸರು 'ಸಹಿ ಮಾಡದ ಸಾಹೇಬ'. ನೌಕರಿಗೆ ಬಂದಂದಿನಿಂದ ಒಂದು ಕಾಗದಕ್ಕೂ ಸಹಿ ಮಾಡದ ಒಬ್ಬ ಅಧಿಕಾರಿ. ತನ್ನ ಮದುವೆಯ ನೋಂದಣಿಗೆ ಅವನ ಸಹಿಗಾಗಿ ಅಲೆಯುವ ಒಬ್ಬಳು ಹುಡುಗಿ. ಅಧಿಕಾರಿಯನ್ನು ಉಪಾಯವಾಗಿ ಕುಣಿಸುವ ಜವಾನ. ಜವಾನನ ಪಾತ್ರ ಹಾಸ್ಯನಟ ಕುಬೇರಪ್ಪನದು. ಹುಡುಗಿಯ ಪಾತ್ರ ಕಂಪನಿಯ ನಾಯಕಿ ಕಸ್ತೂರಿಯದು. ಬರೆಯುವಾಗ ತಾರಾಬಾಯಿ ಎಲ್ಲರ ಮಾತನ್ನೂ ಬಾಯಲ್ಲಿ ಆಡಿ ನೋಡುತ್ತಿದ್ದರು. ಸಾಹೇಬನ ಗಡಸು, ಜವಾನನ ನಯ, ಹುಡುಗಿಯ ಸಿಟ್ಟು, ಎಲ್ಲವೂ ಮೊದಲು ನನ್ನ ಮೈಯಲ್ಲಿ ನಡುಗಿ ಆಮೇಲೆ ಹಾಳೆಗೆ ಇಳಿಯುತ್ತಿದ್ದವು. ಪಂಪಣ್ಣ ಓದಿಸಿ ಕೇಳಿ ಒಪ್ಪಿದ. ಆಟೋದ ಮೈಕು ಸುತ್ತಲ ಹಳ್ಳಿಗಳಲ್ಲೆಲ್ಲ ಸಾರಿತು: ಭಾನುವಾರ ಮಧ್ಯಾಹ್ನದ ಆಟ, ಹೊಚ್ಚಹೊಸ ನಾಟಕ.

ಭಾನುವಾರ ಬೆಳಿಗ್ಗೆ ಕುಬೇರಪ್ಪ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದ. ಅಪೆಂಡಿಕ್ಸು. ಹುಬ್ಬಳ್ಳಿಗೆ ಒಯ್ದರು, ಕೂಡಲೇ ಕೊಯ್ಯಬೇಕೆಂದರು. ಹೋಗುವಾಗ ಪಾಪ, ನೋವಿನಲ್ಲೂ ತಾರಾಬಾಯಿಯ ಕಡೆ ಕೈಮುಗಿದ.

ಪಂಪಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಜವಾನನಿಲ್ಲದೆ ಈ ನಾಟಕ ಒಂದು ಹೆಜ್ಜೆಯೂ ನಡೆಯದು. ಹಳೆಯ ನಾಟಕವನ್ನೇ ಆಡೋಣ ಎಂದ. ಉಳಿದವರೂ ಹೂಂ ಎಂದರು.

"ಜನಾ ಹೊಸಾದು ನೋಡಾಕ ಬರಾಕತ್ತಾರ," ಎಂದರು ತಾರಾಬಾಯಿ. "ಹಳೇದಕ್ಕ ಪರದೆ ಎತ್ತಿದ್ರ ತಾರಾಬಾಯಿ ಕೈ ಖರೇನ ಬಿತ್ತು ಅಂತಾರ."

"ಕುಬೇರಪ್ಪನ ಪಾರ್ಟು ಯಾರು ಮಾಡವ್ರು ಅಕ್ಕಾರ?" ಎಂದ ಪಂಪಣ್ಣ.

"ನಾನ."

ಎಲ್ಲರ ಕಣ್ಣೂ ಅವರ ಕೈಯ ಮೇಲೆ ಹೋಯಿತು. ಅಂದರೆ ನನ್ನ ಮೇಲೂ ಬಿತ್ತು.

ಅವರು ಆಗಲೇ ಟ್ರಂಕಿನ ಮುಂದೆ ಕೂತಾಗಿತ್ತು. ಜವಾನನಿಗೆ ಅಡ್ಡಗೆರೆ ಎಳೆದರು. ಅವನ ಜಾಗದಲ್ಲಿ, ಕಚೇರಿಯ ಮುಂದಿನ ಮರದಡಿ ಕೂತು ಊರವರಿಗೆ ಅರ್ಜಿ ಬರೆದುಕೊಡುವ ಒಬ್ಬ ಅಜ್ಜಿಯನ್ನು ತಂದರು. ಬಾಗಿದ ಬೆರಳಿನ ಅಜ್ಜಿ. ನಾನು ಓಡಿದೆ. ಹಾಗೆ ನಾನು ಎಂದೂ ಓಡಿರಲಿಲ್ಲ. ಒಂದೊಂದೇ ಹಾಳೆ ಮುಗಿದಂತೆ ಕಸ್ತೂರಿ ಕಸಿದುಕೊಂಡು ಹೋಗಿ ಉಳಿದವರಿಗೆ ಓದಿ ಹೇಳುತ್ತಿದ್ದಳು. ಬಯಲಲ್ಲಿ ಟ್ರ್ಯಾಕ್ಟರುಗಳು ಬಂದು ನಿಲ್ಲುವ ಸದ್ದು, ಹೆಂಗಸರ ಮಾತು, ಮಕ್ಕಳ ಗದ್ದಲ. ಮೊದಲ ಗಂಟೆ ಹೊಡೆದಾಗ ಮೊದಲ ಅಂಕವಷ್ಟೇ ಮುಗಿದಿತ್ತು.

ತಾರಾಬಾಯಿ ನಟರನ್ನೆಲ್ಲ ಹತ್ತಿರ ಕರೆದರು. "ಎರಡನೇ ಅಂಕದಾಗ ನಾ ಅಲ್ಲೇ ಕುಂತು ಬರೀತೀನಿ. ಅರ್ಜಿ ಅಂತ ಹಾಳಿ ಕೊಟ್ಟಾಗ ತಗೊಂಡು ನೋಡಿ ಓದ್ರಿ. ನಿಮ್ಮ ಮಾತು ಅದರಾಗ ಇರ್ತಾವ."

ಸಾಹೇಬನ ಪಾತ್ರದ ನಟನಿಗೆ ಬಣ್ಣ ಹಚ್ಚಿದ ಮುಖದಲ್ಲೂ ಬೆವರು ಒಡೆಯಿತು. ಎರಡನೇ ಗಂಟೆ ಹೊಡೆಯಿತು. ಮೂರನೆಯದೂ ಹೊಡೆಯಿತು. ಪರದೆ ಮೇಲೇರಿತು.

ನಾನು ತಾರಾಬಾಯಿಯ ಕೈಯಲ್ಲಿ ರಂಗದ ಮೇಲಿದ್ದೆ.

ಅಬ್ಬ, ಎಷ್ಟೊಂದು ಮುಖ. ಡೇರೆಯ ಹಿಂದಿನ ಅಂಚಿನವರೆಗೂ ತಲೆಗಳು. ಹೆಂಗಸರ ಸಾಲಿನಲ್ಲಿ ಇಂದುಮತಿ, ಮಡಿಲಲ್ಲಿ ಒಂದು ಕೈಚೀಲ. ಗಂಡಸರ ಸಾಲಿನ ತುದಿಯಲ್ಲಿ, ಅವಳಿಗೆ ಹತ್ತಿರವಾಗಿ ಮೌನೇಶಪ್ಪ. ತಾರಾಬಾಯಿಯ ಎದೆ ಬಡಿಯುತ್ತಿದ್ದುದು ಬೆರಳುಗಳ ಮೂಲಕ ನನಗೆ ಕೇಳುತ್ತಿತ್ತು. ಜನರ ಕಣ್ಣು ಕೈಯ ಮೇಲೆ ಬಿತ್ತು. ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ತಾರಾಬಾಯಿ ಸೆರಗು ಸರಿಸಿ ಎರಡೂ ಕೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದರು.

"ಈ ಕೈ ನೋಡಿ ನಗಬ್ಯಾಡ್ರಿ. ಒಳಗ ಸಾಹೇಬ್ರ ಕೈ ನೆಟ್ಟಗ ಐತಿ; ಒಂದು ಸಹಿ ಬಿದ್ದಿಲ್ಲ."

ಡೇರೆ ಹಾರಿಹೋಗುತ್ತದೇನೋ ಎಂಬಂತೆ ನಗು ಎದ್ದಿತು. ಆ ನಗು ಕಿಸಕ್ಕನೆ ನಕ್ಕವರನ್ನೂ ನುಂಗಿಕೊಂಡಿತು. ತಾರಾಬಾಯಿಯ ಹಿಡಿತ ಸಡಿಲವಾಯಿತು. ಆಮೇಲೆ ಅವರಿಗೆ ಭಯವಿರಲಿಲ್ಲ.

ಎರಡನೇ ಅಂಕದಲ್ಲಿ ನಾನು ನಿಜವಾಗಿ ಬರೆಯುತ್ತಿದ್ದೆ. ಜನ ಅದನ್ನು ನಟನೆ ಎಂದು ತಿಳಿದಿದ್ದರು. ಮರದ ಚಿತ್ರದ ಪರದೆಯ ಮುಂದೆ, ಟ್ರಂಕಿನ ಮೇಲೆ ಹಾಳೆಯಿಟ್ಟು, ಬಾಯಲ್ಲಿ ಎದುರಿನವನ ಜೊತೆ ಜಗಳವಾಡುತ್ತ, ಕೈಯಲ್ಲಿ ಮುಂದಿನ ಜಗಳದ ಮಾತು ಬರೆಯುವುದು. ಮುಗಿದ ಹಾಳೆ ಕಿತ್ತು ಚಾಚುವುದು. ಸಾಹೇಬನ ನಟ ಹಾಳೆ ಹಿಡಿದು ಗತ್ತಿನಿಂದ ಓದಲು ಹೊರಟವನು ತನ್ನನ್ನೇ ಬೈದುಕೊಳ್ಳುವ ಮಾತು ಕಂಡು ತಬ್ಬಿಬ್ಬಾದ. ಆ ತಬ್ಬಿಬ್ಬು ನಿಜವಾದದ್ದು; ಜನ ಬಿದ್ದು ಬಿದ್ದು ನಕ್ಕರು. ಕಸ್ತೂರಿಗೆ ಕೊಟ್ಟ ಹಾಳೆಯಲ್ಲಿ ಬೇರೆಯೇ ಇತ್ತು, ನಗುವಿನ ಮಾತಲ್ಲ. ಅವಳು ಅದನ್ನು ಓದುತ್ತ ಓದುತ್ತ ನಡುವೆ ನಿಂತಳು, ಆಮೇಲೆ ಹಾಳೆ ಕೆಳಗಿಟ್ಟು ಉಳಿದದ್ದನ್ನು ತಾನೇ ಆಡಿದಳು. ಬರೆಯದ ಮಾತನ್ನು ಅವಳು ಬಾಯಿಂದ ಕಟ್ಟಿದ್ದು ಅದೇ ಮೊದಲು. ತಾರಾಬಾಯಿ ತಲೆಯೆತ್ತಿ ಅವಳನ್ನು ನೋಡಿದರು.

ಕೊನೆಯ ಅರ್ಜಿ ಉಳಿಯಿತು. ಸಾಹೇಬ ಸಹಿ ಮಾಡಲೇಬೇಕಾದ ಅರ್ಜಿ. ತಾರಾಬಾಯಿ ಹಾಳೆ ಎಳೆದುಕೊಂಡರು. ನಾನು ಮೊದಲ ಮಾತಿನ ಅರ್ಧದಲ್ಲಿದ್ದಾಗ ನನ್ನ ಬಾಯಿ ಒಣಗಿತು.

ಬೆಳಗಿನಿಂದ ಓಡಿದ್ದೆನಲ್ಲ. ಜೆಲ್ ರೀಫಿಲ್ ಎಷ್ಟು ನುಣುಪಾಗಿ ಹರಿಯುತ್ತದೆಯೋ ಅಷ್ಟೇ ಬೇಗ ಬರಿದಾಗುತ್ತದೆ. ಅವರು ಕೊಡವಿದರು, ಊದಿದರು. ಹಾಳೆಯ ಮೇಲೆ ಬರೀ ಗೀರು.

"ಯಪ್ಪಾ ಸಾಹೇಬಾ, ನಿನ್ನ ಕಚೇರಿ ಮುಂದ ಕುಂತು ಕುಂತು ನನ್ನ ಮಸಿನೂ ಬತ್ತಿತು," ಎಂದರು ಜನರತ್ತ ತಿರುಗಿ. ಮತ್ತೆ ನಗು. ಮುಂದಿನ ಸಾಲಿನಿಂದ ಯಾರೋ ಒಂದು ಪೆನ್ನು ಎಸೆದರು. ಇನ್ನೊಬ್ಬರು ಎಸೆದರು. ರಂಗದ ಮೇಲೆ ಪೆನ್ನುಗಳ ಮಳೆ. ತಾರಾಬಾಯಿ ಒಂದನ್ನು ಎತ್ತಿಕೊಂಡರು, ಜಾರಿತು. ಇನ್ನೊಂದು ಎತ್ತಿಕೊಂಡರು, ಅದೂ ಜಾರಿತು. ಮೂರನೆಯದಕ್ಕೆ ನಗು ನಿಂತಿತು. ಆ ಕೈ ನಾಟಕದ್ದಲ್ಲ ಎಂದು ಜನರಿಗೆ ಹೊಳೆಯಿತು. ಅಷ್ಟು ದೊಡ್ಡ ಡೇರೆಯಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಬದಿಯಲ್ಲಿ ನಿಂತಿದ್ದ ಪಂಪಣ್ಣ ಪರದೆಯ ಹಗ್ಗಕ್ಕೆ ಕೈಹಾಕಿದ.

ನಾನು ಟ್ರಂಕಿನ ಮೇಲೆ ಸತ್ತಂತೆ ಬಿದ್ದಿದ್ದೆ. ಅಲ್ಲಿಂದ ನನಗೆ ಇಂದುಮತಿ ಕಾಣುತ್ತಿದ್ದಳು. ತಾರಾಬಾಯಿಗೆ ತೋರಿಸಬೇಕೆಂದು ಅವಳು ಇನ್ನೊಂದು ಕಿಟ್ಟನ್ನು ಚೀಲದಲ್ಲಿ ತಂದಿದ್ದಳು. ಅದರಲ್ಲಿ ನನಗೆ ಹೊಂದುವ ರೀಫಿಲ್ ಇತ್ತು. ಅವಳು ಚೀಲವನ್ನು ಎದೆಗೊತ್ತಿ ಕೂತಿದ್ದಳು. ಸಾವಿರ ಜನರ ನಡುವೆ ಎದ್ದು ನಿಲ್ಲಲು ಅವಳಿಗೆ ಧೈರ್ಯವಾಗಲಿಲ್ಲ.

ಮೌನೇಶಪ್ಪ ಮಗಳತ್ತ ಬಗ್ಗಿದರು. ಆ ಮೌನದಲ್ಲಿ ಅವರ ಮಾತು ರಂಗದವರೆಗೂ ಕೇಳಿತು. "ಏಳವಾ. ಅದು ನೀ ಮಾಡಿದ ಪೆನ್ನು."

ಇಂದುಮತಿ ಎದ್ದಳು. ಹೆಂಗಸರು ಕಾಲು ಮಡಚಿ ದಾರಿ ಬಿಟ್ಟರು. ರಂಗಕ್ಕೆ ಹತ್ತಿ, ಟ್ರಂಕಿನ ಪಕ್ಕ ಮಂಡಿಯೂರಿ, ನನ್ನನ್ನು ಎರಡು ಭಾಗ ಮಾಡಿದಳು. ಬರಿದಾದ ರೀಫಿಲ್ ತಿರುವಿ ತೆಗೆದಳು, ಹೊಸದನ್ನು ತಿರುವಿ ಕೂರಿಸಿದಳು.

"ಬಾ ತಂಗಿ," ಎಂದರು ತಾರಾಬಾಯಿ, ಅಜ್ಜಿಯ ದನಿಯಲ್ಲೇ. "ಈ ಊರಾಗ ಸಹಿ ಮಾಡವ್ರು ಇಲ್ಲಂದ್ರೂ ರಿಪೇರಿ ಮಾಡವ್ರು ಅದಾರ."

ಚಪ್ಪಾಳೆ ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಅದು ನಿಲ್ಲುವ ಮೊದಲೇ ನಾನು ಬರೆಯುತ್ತಿದ್ದೆ. ಹಿಂದೆ ಯೋಚಿಸಿದ್ದ ಕೊನೆಯನ್ನು ತಾರಾಬಾಯಿ ಬಿಟ್ಟುಬಿಟ್ಟಿದ್ದರು. ಸಾಹೇಬ ಹಾಳೆ ತೆಗೆದುಕೊಂಡು ಓದಿದ: "ಸಾಹೇಬರೇ, ಸಹಿ ಮಾಡದಿರಲು ನಿಮಗೆ ಕೈ ನೋವೋ, ಮನಸ್ಸು ನೋವೋ? ಕೈ ನೋವಾದರೆ ನನ್ನ ಪೆನ್ನು ಕೊಡುತ್ತೇನೆ." ಆಮೇಲೆ ಅವನಿಗೆ ಹೇಳಲು ಮಾತೇನೂ ಬರೆದಿರಲಿಲ್ಲ. ತಾರಾಬಾಯಿ ನನ್ನನ್ನು ಚಾಚಿಕೊಂಡು ನಿಂತಿದ್ದರು. ನಟ ಒಂದು ಗಳಿಗೆ ಆ ಕೈಯನ್ನೇ ನೋಡಿದ. ತನ್ನ ತಲೆಯ ಟೊಪ್ಪಿಗೆ ತೆಗೆದ, ನನ್ನನ್ನು ಎರಡೂ ಕೈಯಿಂದ ತೆಗೆದುಕೊಂಡ, ಕಸ್ತೂರಿಯ ಕಾಗದಕ್ಕೆ ಸಹಿ ಮಾಡಿದ. ಪರದೆ ಬಿದ್ದ ಮೇಲೂ ಜನ ಏಳಲಿಲ್ಲ.

ಮರುದಿನದಿಂದ ಬಡಿಗೇರರ ಮನೆಯ ಮುಂದೆ ಕೈಗಳು ಬಂದವು. ಕೈಗಳು ಎಂದೇ ಹೇಳಬೇಕು. ಕಬ್ಬಿನ ಗಾಣಕ್ಕೆ ಹೆಬ್ಬೆರಳು ಕೊಟ್ಟವನ ಕೈ, ನಡುಗುವ ಕೈ, ಬಿದ್ದು ಮುರಿದು ಓರೆಯಾಗಿ ಕೂಡಿದ ಕೈ, ಎಡಗೈಯಲ್ಲಿ ಬರೆಯುತ್ತೀಯೆಂದು ಬೈಸಿಕೊಂಡ ಒಬ್ಬ ಶಿಕ್ಷಕಿಯ ಕೈ. ತಾರಾಬಾಯಿಯ ಜೊತೆ ನಾನೂ ನೋಡಲು ಹೋಗಿದ್ದೆ. ಇಂದುಮತಿ ಲೇತಿನ ಮುಂದಿದ್ದಳು. ಮೌನೇಶಪ್ಪ ಹೊಸ್ತಿಲ ಬಳಿ ಕಣಕದ ಪರಾತ ಇಟ್ಟುಕೊಂಡು ಕೂತು, ಬಂದವರಿಗೆಲ್ಲ ಒಂದೊಂದು ಉಂಡೆ ಹೊಸೆದು ಕೊಡುತ್ತಿದ್ದರು. ಗಟ್ಟಿ ಹಿಡೀರಿ, ಇನ್ನೂ ಗಟ್ಟಿ ಎಂದು ಎಲ್ಲರಿಗೂ ಜೋರು ಮಾಡುತ್ತಿದ್ದರು.

ತಾರಾಬಾಯಿಗೆ ಊರಿಗೆ ಹೋಗೆಂದು ಪಂಪಣ್ಣ ಮತ್ತೆ ಹೇಳಲಿಲ್ಲ. ಕುಬೇರಪ್ಪ ವಾಸಿಯಾಗಿ ಬಂದು ತನ್ನ ಪಾತ್ರ ಎಲ್ಲಿ ಎಂದು ಕೇಳಿದ. ಅಜ್ಜಿಯ ಪಕ್ಕದಲ್ಲಿ ಜವಾನನಿಗೂ ಜಾಗ ಮಾಡಿದೆವು. ಅವರಿಬ್ಬರ ಜಗಳ ನೋಡಲೆಂದೇ ಜನ ಬರತೊಡಗಿದರು. ಗದಗ, ಇಳಕಲ್ಲು, ಜಮಖಂಡಿ, ಸಿಂಧನೂರು. ನಾನು ನೋಡದ ಊರಿಲ್ಲ. ಕೆಂಪು ಅರಗು ತಾರಾಬಾಯಿಯ ಬೆರಳಿದ್ದಲ್ಲೆಲ್ಲ ಸವೆದು ಮರ ಕಂಡಿತು. ಎಷ್ಟೋ ನಾಟಕ ಬರೆದೆ.

ಕೊನೆಗೊಂದು ದಿನ ಆ ಬೆರಳುಗಳು ನನ್ನ ಹೊಟ್ಟೆಯನ್ನೂ ಸುತ್ತಲಾರದಾದವು. ತಾರಾಬಾಯಿ ಅಳಲಿಲ್ಲ. ಕಸ್ತೂರಿಯನ್ನು ಕರೆದು ನನ್ನನ್ನು ಅವಳ ಕೈಗಿಟ್ಟರು.

ಕಸ್ತೂರಿ ಆಗಾಗ ಒಂದೊಂದು ಸೀನು ತಾನೇ ಬರೆಯುತ್ತಿದ್ದಳು. ಆದರೆ ಅವಳದು ನೀಳ ಬೆರಳಿನ ಕೈ. ನನ್ನ ಡೊಳ್ಳುಹೊಟ್ಟೆ ಅವಳಿಗೆ ಹಿಡಿಸಲಿಲ್ಲ. ಅಕ್ಷರ ಎಲ್ಲೆಲ್ಲೋ ಓಡಿದವು. ಹಾಗೆಂದು ಹೇಳಲು ಅವಳಿಗೆ ಬಾಯಿಲ್ಲ. ನನ್ನನ್ನು ಒಂದು ಬೆಳ್ಳಿಯ ಡಬ್ಬಿಯಲ್ಲಿಟ್ಟು, ದೇವರ ಪಟದ ಪಕ್ಕ ಇರಿಸಿ, ದಿನವೂ ಕುಂಕುಮ ಹಚ್ಚಿದಳು. ಬರೆಯಲು ಬೇರೆ ಪೆನ್ನು ತೆಗೆದುಕೊಂಡಳು. ನನಗೆ ಅಂಥ ಕಷ್ಟದ ದಿನಗಳು ಹಿಂದೆಂದೂ ಬಂದಿರಲಿಲ್ಲ. ಕತ್ತಲೆ, ಕುಂಕುಮದ ಧೂಳು, ಹೊರಗೆ ಯಾರೋ ಬರೆಯುವ ಸದ್ದು.

ತಾರಾಬಾಯಿ ಅದನ್ನು ಒಂದು ದಿನ ಕಂಡರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ.

"ಪೂಜಿ ಮಾಡಾಕ ಕೊಟ್ಟೀನೇನ ನಿನಗ? ಕಲಘಟಗಿಗೆ ಹೋಗು. ಇಂದುಮತಿ ಹಂತೇಕ ಇದರ ಹೊಟ್ಟಿ ಕರಗಿಸ್ಕೊಂಡು ಬಾ."

"ನಿಮ್ಮ ಕೈ ಗುರುತು ಹೋಗತೈತಲ್ರಿ ಅಕ್ಕಾ," ಎಂದಳು ಕಸ್ತೂರಿ.

"ಹೋಗ್ಲಿ. ನನ್ನ ಕೈ ಇಟ್ಕೊಂಡು ನೀ ಏನ ಬರೀತಿ?"

ಕಸ್ತೂರಿ ಬಸ್ಸು ಹತ್ತಿದಳು. ಇಂದುಮತಿಯ ಕೂದಲಲ್ಲಿ ಆಗ ಬೆಳ್ಳಿ ಎಳೆಗಳಿದ್ದವು. ಲೇತ್ ಈಗ ಅವಳದೇ. ಅವಳು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೆಬ್ಬೆರಳಿನ ತಗ್ಗಿನಲ್ಲಿ ತನ್ನ ಹೆಬ್ಬೆರಳಿಟ್ಟು ನೋಡಿದಳು. ಆಮೇಲೆ ಸಣ್ಣ ಕಡ್ಡಿಯಿಂದ ತಟ್ಟಿ ನನ್ನ ಮೂತಿ, ಯಂತ್ರ, ಕ್ಲಿಪ್ಪುಗಳನ್ನೆಲ್ಲ ಬಿಡಿಸಿ, ಬರಿಯ ಮೈಯನ್ನು ಉಕ್ಕಿನ ಕಡ್ಡಿಗೆ ಏರಿಸಿದಳು.

ಮತ್ತೆ ಆ ತಿರುಗುವಿಕೆ! ನಾನು ದುಃಖಿಸುತ್ತೇನೆ ಎಂದುಕೊಂಡಿದ್ದೆ. ಉಳಿ ತಾಗಿದಾಗ ಹಳೆಯ ಅರಗು ಕೆಂಪು ಪುಡಿಯಾಗಿ ಹಾರಿತು. ಹಳದಿ ಪಟ್ಟಿ ಹೋಯಿತು. ಹೆಬ್ಬೆರಳಿನ ತಗ್ಗು ಸುತ್ತು ಸುತ್ತಿಗೂ ಕಿರಿದಾಗಿ ಕೊನೆಗೆ ಕಾಣದಾಯಿತು. ಸಿಪ್ಪೆ ನವಿರಾದ ಎಳೆಯಾಗಿ ಸುತ್ತಿಕೊಂಡು ಕಸ್ತೂರಿಯ ಮಡಿಲಲ್ಲಿ ಬಿತ್ತು. ಒಳಗಿಂದ ಹೊಸ ಮರ ಹೊರಬಂತು, ಯಾರೂ ಮುಟ್ಟಿರದ ಮರ, ಸಾಗವಾನಿಯ ಹಸಿ ವಾಸನೆಯ ಮರ. ನನ್ನೊಳಗೆ ಇಂಥದೊಂದು ಇದೆಯೆಂದು ನನಗೇ ಗೊತ್ತಿರಲಿಲ್ಲ. ದುಃಖಕ್ಕೆ ಪುರುಸೊತ್ತೇ ಸಿಗಲಿಲ್ಲ. ಇಂದುಮತಿ ಈ ಸಲ ನೀಲಿ ಅರಗು ಹಚ್ಚಿದಳು.

ಕಸ್ತೂರಿ ಹಿಂದಿರುಗುವ ಬಸ್ಸಿನಲ್ಲೇ, ಟಿಕೆಟಿನ ಹಿಂಬದಿಯಲ್ಲಿ, ಕುಲುಕಾಟದಲ್ಲಿ ಬರೆಯಲು ಶುರುಮಾಡಿದಳು.

ತಾರಾಬಾಯಿ ಈಗಿಲ್ಲ. ಕಂಪನಿಯ ಡೇರೆಗೆ ಹೊಸ ಹೊದಿಕೆ ಬಂದಿದೆ. ನಾನು ಮುದಿಯಾಗಿದ್ದೇನೆ. ಕ್ಲಿಪ್ಪು ಸಡಿಲ, ತಿರುವಿದರೆ ಒಳಗೆ ಕಿರ್ ಎನ್ನುತ್ತದೆ. ಒಂದು ಕಡೆ ಮರ ಎಷ್ಟು ತೆಳುವಾಗಿದೆಯೆಂದರೆ ಒಳಗಿನ ಹಿತ್ತಾಳೆ ಇಣುಕುತ್ತದೆ. ಇನ್ನೊಮ್ಮೆ ಲೇತಿಗೆ ಏರುವಷ್ಟು ಮರ ನನ್ನಲ್ಲಿ ಉಳಿದಿಲ್ಲ. ಮುಂದೆ ಯಾರದಾದರೂ ಕೈಗೆ ಹೋದರೆ ನಾನು ಇದ್ದ ಹಾಗೆಯೇ ಅವರು ನನ್ನನ್ನು ಹಿಡಿಯಬೇಕು. ನಾನು ಬರೆದದ್ದರಲ್ಲಿ ಅಚ್ಚಾದದ್ದು ಒಂದು ಸಾಲೂ ಇಲ್ಲ. ಹಾಳೆಗಳೆಲ್ಲ ಬೆವರಿನಲ್ಲಿ ಒದ್ದೆಯಾಗಿ, ಮಡಚಿ ಹರಿದು, ಊರೂರಿನ ಬಯಲಲ್ಲಿ ಉಳಿದವು. ಅದರ ಬಗ್ಗೆ ನನಗೆ ಬೇಸರವಿಲ್ಲ. ಪೆನ್ನಿಗೆ ನೆನಪಿರುವುದು ಬರೆದದ್ದಲ್ಲ, ಬರೆಯುವಾಗಿನ ಕೈ.

ಈ ಮಾತು ಮುಗಿಸಬೇಕು. ಹೊರಗೆ ಜನ ತುಂಬಿದ್ದಾರೆ, ಎರಡನೇ ಗಂಟೆ ಹೊಡೆದಾಗಿದೆ. ಕಸ್ತೂರಿ ಮುಖಕ್ಕೆ ಬಣ್ಣ ಹಚ್ಚಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಒಂದು ಕೈಯಲ್ಲಿ ಸೀರೆಯ ನಿರಿಗೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನನ್ನನ್ನು ಓಡಿಸುತ್ತಿದ್ದಾಳೆ. ಕೊನೆಯ ಸೀನಿಗೆ ಇನ್ನೂ ಎರಡು ಮಾತು ಬೇಕು. ಮೊದಲನೆಯದು ಸಿಕ್ಕಿತು.